ಶರತ್ಕಾಲದ ಬಟ್ಟೆ: ಕಡಿಮೆ ಖರ್ಚಿನಲ್ಲಿ ಜೋಡಿಸಿ, ವರ್ಷಗಟ್ಟಲೆ ಉಡುವುದು ಹೇಗೆ

ಯಾವ ಬಟ್ಟೆಯೂ ಎಲ್ಲ ಕಡೆ ಒಂದೇ ಸಲ ಹಾಳಾಗುವುದಿಲ್ಲ. ಶರ್ಟು ಮೊದಲು ಸವೆಯುವುದು ಕಾಲರಿನ ಮಡಿಕೆಯಲ್ಲಿ, ಸ್ವೆಟರು ಮೊಣಕೈಯಲ್ಲಿ, ಜೀನ್ಸು ತೊಡೆಸಂದಿನಲ್ಲಿ, ಕಾಲುಚೀಲ ಹಿಮ್ಮಡಿಯಲ್ಲಿ. ಜಾಕೆಟ್ಟಿನಲ್ಲಿ ಮೊದಲು ಕೈಕೊಡುವುದು ಝಿಪ್ಪು, ಶೂನಲ್ಲಿ ಅಟ್ಟೆ. ಮಿಕ್ಕ ಭಾಗವೆಲ್ಲ ಗಟ್ಟಿಮುಟ್ಟಾಗಿರುವಾಗಲೇ ಅಂಗೈಯಗಲದ ಒಂದು ಜಾಗ ಸೋತು, ಇಡೀ ಬಟ್ಟೆ ಮೂಲೆ ಸೇರುತ್ತದೆ. ಕೊಳ್ಳುವಾಗ ಆ ಜಾಗವನ್ನು ನೋಡಿ ಕೊಳ್ಳಬೇಕು, ಉಡುವಾಗ ಅದು ಹರಿಯುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಸ್ವಲ್ಪ ದುಡ್ಡಿನಲ್ಲಿ ಬಾಳಿಕೆಯ ಬಟ್ಟೆ ಜೋಡಿಸುವ ಕೆಲಸದ ಮುಕ್ಕಾಲು ಪಾಲು ಇದೇ. ಉಳಿದದ್ದು ಲೆಕ್ಕಾಚಾರ ಮತ್ತು ಒಗೆಯುವ ಕ್ರಮ.

ಶರತ್ಕಾಲದ ಕಷ್ಟವೇ ಬೇರೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಂಜೆಗೆ ಗಾಳಿ, ನಡುವೆ ಯಾವಾಗಲೋ ಒಂದು ಮಳೆ. ಒಂದೇ ದಿನದಲ್ಲಿ 10 ಡಿಗ್ರಿಯಷ್ಟು ಏರಿಳಿತ ಅಪರೂಪವಲ್ಲ. ಒಂದು ದಪ್ಪ ಕೋಟನ್ನು ನಂಬಿ ಹೊರಟರೆ ಬೆಳಿಗ್ಗೆ ಹಿತವಾಗಿರುತ್ತದೆ, ಮಧ್ಯಾಹ್ನ ಅದು ಕೈಮೇಲೆ ಹೊರೆ. ಹಾಗಾಗಿ ಈ ಋತುವಿಗೆ ಬೇಕಾದದ್ದು ತೆಳುವಾದ, ಒಂದರ ಮೇಲೊಂದು ಕೂರುವ, ಬೇಕೆಂದಾಗ ಕಳಚಿ ಚೀಲಕ್ಕೆ ಹಾಕಬಹುದಾದ ಬಟ್ಟೆಗಳು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಸರಿಯಾಗಿ ಆರಿಸಿದ ಶರತ್ಕಾಲದ ಬಟ್ಟೆಯಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಕೋಟಿನ ಒಳಗೂ ವಸಂತದಲ್ಲಿ ಹಾಗೆಯೇ ಮೇಲೆಯೂ ಬಳಕೆಗೆ ಬರುತ್ತವೆ.

ಮೊದಲು ಬೀರು ಖಾಲಿ ಮಾಡಿ

ಏನನ್ನಾದರೂ ಕೊಳ್ಳುವ ಮುಂಚೆ ಇರುವುದನ್ನೆಲ್ಲ ಹೊರಗೆ ಹಾಕಿ, ಒಂದೊಂದನ್ನೇ ತೊಟ್ಟು ನೋಡಿ. ಬರೀ ಕಣ್ಣಲ್ಲಿ ನೋಡಿದರೆ ಸಾಲದು. ಕಳೆದ ವರ್ಷ ಸರಿಯಿದ್ದ ಪ್ಯಾಂಟು ಈಗ ಸೊಂಟಕ್ಕೆ ಹತ್ತದಿರಬಹುದು. ಮೂರು ಗುಡ್ಡೆ ಮಾಡಿ: ಈಗಲೇ ತೊಡಬಹುದಾದದ್ದು, ಒಂದು ಹೊಲಿಗೆಯೋ ಗುಂಡಿಯೋ ಹಾಕಿದರೆ ತೊಡಬಹುದಾದದ್ದು, ಇನ್ನು ಉಪಯೋಗವಿಲ್ಲದ್ದು. ಮೂರನೆಯ ಗುಡ್ಡೆಯನ್ನೂ ಪೂರ್ತಿ ಎಸೆಯಬೇಡಿ. ಹಳೆಯ ಜೀನ್ಸಿನ ಕಾಲಿನ ಭಾಗ ತೇಪೆಗೆ ಬೇಕಾಗುತ್ತದೆ. ಗುಂಡಿಗಳನ್ನು ಕಿತ್ತಿಟ್ಟುಕೊಳ್ಳಿ.

ಎರಡನೆಯ ಗುಡ್ಡೆಯನ್ನು ಗಮನವಿಟ್ಟು ನೋಡಿ, ಏಕೆಂದರೆ ಉಳಿತಾಯ ಇರುವುದು ಅಲ್ಲೇ. ರಿಪೇರಿಗೆಂದು ಎತ್ತಿಟ್ಟು ಮರೆತುಹೋದ ಬಟ್ಟೆಗಳಿಂದಲೇ ಅರ್ಧ ಪಟ್ಟಿ ತುಂಬುವ ಮನೆಗಳಿವೆ. ರಿಪೇರಿ ಮುಗಿದ ಮೇಲೆ ಏನು ಕಡಿಮೆ ಬೀಳುತ್ತದೆಂದು ಬರೆಯಿರಿ. ಬರೆಯುವಾಗ ದಿನಚರಿಯನ್ನು ಎದುರಿಗಿಟ್ಟುಕೊಳ್ಳಿ: ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೀರಿ, ನಡೆದು ಹೋಗುತ್ತೀರೋ ಗಾಡಿಯಲ್ಲೋ, ಕೆಲಸದ ಜಾಗದಲ್ಲಿ ಎಂಥ ಉಡುಪು ನಡೆಯುತ್ತದೆ, ಒಗೆಯುವುದು ವಾರಕ್ಕೆ ಎಷ್ಟು ಸಲ. ಮಳೆಯಲ್ಲಿ ಅರ್ಧ ಗಂಟೆ ನಡೆಯುವವರಿಗೂ ಬಾಗಿಲಿನಿಂದ ಕಾರಿಗೆ ಹತ್ತುವವರಿಗೂ ಒಂದೇ ಜಾಕೆಟ್ಟು ಬೇಕಾಗುವುದಿಲ್ಲ.

ಮೂರು ಪದರ, ಮೂರು ಕೆಲಸ

ಒಳಪದರ ಬೆವರನ್ನು ಮೈಯಿಂದ ಎಳೆದು ಹೊರಕ್ಕೆ ಬಿಡಬೇಕು. ನಡುವಿನ ಪದರ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡಬೇಕು. ಹೊರಪದರ ಬೀಸುಗಾಳಿ ಮತ್ತು ಮಳೆಯನ್ನು ತಡೆಯಬೇಕು. ಒಂದೇ ಬಟ್ಟೆಯಿಂದ ಮೂರನ್ನೂ ಮಾಡಿಸಲು ಹೋದಾಗಲೇ ದುಡ್ಡು ಪೋಲಾಗುವುದು.

ನೂಲಿನ ಗುಣ ಗೊತ್ತಿದ್ದರೆ ಆಯ್ಕೆ ಸುಲಭ. ಹತ್ತಿ ಬೆವರನ್ನು ಹೀರಿಕೊಳ್ಳುತ್ತದೆ, ಆದರೆ ಬೇಗ ಬಿಟ್ಟುಕೊಡುವುದಿಲ್ಲ. ಒದ್ದೆಯಾದ ಹತ್ತಿ ಬನಿಯನ್ ಸಂಜೆಯ ಗಾಳಿಗೆ ಮೈಯನ್ನು ಕೊರೆಯುತ್ತದೆ. ಹೆಚ್ಚು ಓಡಾಟವಿಲ್ಲದ ದಿನಕ್ಕೆ ಹತ್ತಿ ಚೆನ್ನ, ಬೆವರಿಸುವ ನಡಿಗೆಗೆ ಅಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ವಾಸನೆಯನ್ನೂ ಬೇಗ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಇಲ್ಲವೆನ್ನಬಹುದು, ಹಾಗಾಗಿ ಬೇಗ ಒಣಗುತ್ತದೆ. ಆದರೆ ಮೈಯ ಎಣ್ಣೆಯಂಶ ಅದಕ್ಕೆ ಅಂಟಿಕೊಂಡು ವಾಸನೆ ಉಳಿಯುತ್ತದೆ. ಅಕ್ರಿಲಿಕ್ ಅಗ್ಗ, ಹಗುರ, ನೋಡಲು ಉಣ್ಣೆಯ ಹಾಗೇ ಇರುತ್ತದೆ. ಆದರೆ ಬೇಗ ಉಂಡೆಗಟ್ಟುತ್ತದೆ, ತೋಳು ಜೋತುಬಿದ್ದರೆ ಮತ್ತೆ ಮೊದಲಿನ ಆಕಾರಕ್ಕೆ ಬರುವುದು ಕಷ್ಟ. ಸ್ವೆಟರಿಗೆ ದುಡ್ಡು ಕಡಿಮೆಯಿದ್ದರೆ ಹೊಸ ಅಕ್ರಿಲಿಕ್‌ಗಿಂತ ಬಳಸಿದ ಉಣ್ಣೆ ಎಷ್ಟೋ ಮೇಲು. ಇದನ್ನು ಒತ್ತಿ ಹೇಳುತ್ತೇವೆ.

ಬಟ್ಟೆಯ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. ಚೀಟಿಯಲ್ಲಿ ಅಥವಾ ವಿವರದಲ್ಲಿ ಜಿಎಸ್‌ಎಂ ಎಂದಿರುತ್ತದೆ. ಟೀ ಶರ್ಟಿಗೆ 180ರಿಂದ 220, ಫ್ಲಾನೆಲ್ (ಮೇಲ್ಮೈ ಉಜ್ಜಿ ಮೆತ್ತಗೆ ಮಾಡಿದ ಬಟ್ಟೆ) ಶರ್ಟಿಗೆ 160ರಿಂದ 200, ಸ್ವೆಟ್‌ಶರ್ಟಿಗೆ 300ರ ಆಸುಪಾಸು ಇದ್ದರೆ ಬಾಳಿಕೆ ಬರುತ್ತದೆ. ಟೀ ಶರ್ಟು 140ಕ್ಕಿಂತ ಕೆಳಗಿದ್ದರೆ ಒಂದು ಋತು ಕಳೆಯುವಷ್ಟರಲ್ಲಿ ಜಾಳಾಗುವ ಸಾಧ್ಯತೆ ಹೆಚ್ಚು. ಡೆನಿಮ್‌ನ ತೂಕವನ್ನು ಔನ್ಸಿನಲ್ಲಿ ಹೇಳುವ ರೂಢಿ. 12ರಿಂದ 14 ಔನ್ಸ್, ಅಂದರೆ ಸುಮಾರು 400ರಿಂದ 475 ಜಿಎಸ್‌ಎಂ, ಈ ಋತುವಿಗೆ ಹದವಾದ ತೂಕ.

ಪದರಗಳು ಒಂದರೊಳಗೊಂದು ಕೂರುತ್ತವೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಜಾಕೆಟ್ಟು ನೋಡಲು ಹೋಗುವಾಗ ಅದರೊಳಗೆ ತೊಡುವ ಅತಿ ದಪ್ಪನೆಯ ಸ್ವೆಟರನ್ನು ಹಾಕಿಕೊಂಡೇ ಹೋಗಿ. ಝಿಪ್ಪು ಪೂರ್ತಿ ಏರಿಸಿ, ಎರಡೂ ಕೈ ಮುಂದಕ್ಕೆ ಚಾಚಿ, ತಲೆಯ ಮೇಲಕ್ಕೆ ಎತ್ತಿ, ಕುಳಿತು ನೋಡಿ. ಬೆನ್ನು ಬಿಗಿದರೆ ಅಥವಾ ಮುಂಗೈ 5 ಸೆಂ.ಮೀ.ಗಿಂತ ಹೆಚ್ಚು ಹೊರಬಂದರೆ ಆ ಅಳತೆ ಬೇಡ.

ಎಷ್ಟು ಬೇಕು

ವಾರಕ್ಕೊಮ್ಮೆ ಒಗೆಯುವ ಒಬ್ಬರಿಗೆ ಇಷ್ಟಿದ್ದರೆ ಸಾಕು:

- ಟೀ ಶರ್ಟು ಅಥವಾ ತೆಳು ಒಳಂಗಿ 5, ಅದರಲ್ಲಿ 2 ಪೂರ್ತಿ ತೋಳಿನದು
- ಶರ್ಟು 3, ಒಂದು ದಪ್ಪ ಫ್ಲಾನೆಲ್
- ಸ್ವೆಟರು 2, ಒಂದು ತೆಳು, ಒಂದು ಮಧ್ಯಮ ದಪ್ಪ
- ಪ್ಯಾಂಟು 3, ಒಂದು ಜೀನ್ಸು, ಒಂದು ಹತ್ತಿಯ ಟ್ವಿಲ್ (ಓರೆಗೆರೆ ನೇಯ್ಗೆಯದು), ಒಂದು ದಪ್ಪನೆಯದು
- ಗಾಳಿ ತಡೆಯುವ ಜಾಕೆಟ್ಟು 1, ಮಳೆಯ ಜಾಕೆಟ್ಟು 1
- ಶೂ 2 ಜೊತೆ, ಒಂದಾದರೂ ನೀರು ತಡೆಯುವಂಥದ್ದು
- ಕಾಲುಚೀಲ 7 ಜೊತೆ, ಮಫ್ಲರ್ 1, ಟೋಪಿ 1

ಗಾಳಿ ಮತ್ತು ಮಳೆ ಎರಡನ್ನೂ ತಡೆಯುವ ಒಂದೇ ಜಾಕೆಟ್ಟು ಸಿಕ್ಕರೆ ಎರಡರ ದುಡ್ಡನ್ನು ಅದಕ್ಕೇ ಹಾಕಿ. ಶೂ ಮಾತ್ರ ಎರಡು ಜೊತೆಗೆ ಕಡಿಮೆ ಬೇಡ. ದಿನವೂ ಒಂದೇ ಜೊತೆ ಹಾಕಿದರೆ ಒಳಗಿನ ತೇವ ಆರುವುದೇ ಇಲ್ಲ, ಅಸ್ತರಿ ಕೊಳೆತು ಚರ್ಮ ಬಿರಿಯುತ್ತದೆ. ದಿನ ಬಿಟ್ಟು ದಿನ ಹಾಕಿದ ಎರಡು ಜೊತೆ, ಒಂದಾದ ಮೇಲೊಂದು ಸವೆಸಿದ ಎರಡು ಜೊತೆಗಿಂತ ಹೆಚ್ಚು ಕಾಲ ಬರುತ್ತವೆ.

ಬಣ್ಣದ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ಯಾಂಟು, ಜಾಕೆಟ್ಟು, ಶೂಗೆ ಎರಡು ಮೂಲ ಬಣ್ಣ ಹಿಡಿಯಿರಿ, ಉದಾಹರಣೆಗೆ ಕಡುನೀಲಿ ಮತ್ತು ಕಂದು. ಶರ್ಟು, ಸ್ವೆಟರಿಗೆ ಇಷ್ಟವಾದ ಎರಡು ಬಣ್ಣ ಸೇರಿಸಿ. ಹೊಸದಾಗಿ ಕೊಳ್ಳುವ ಯಾವುದೇ ಬಟ್ಟೆ ಈಗಾಗಲೇ ಇರುವ ಮೂರರ ಜೊತೆಗಾದರೂ ಹೊಂದದಿದ್ದರೆ ಬಿಟ್ಟುಬಿಡಿ.

ದುಡ್ಡು ಎಲ್ಲಿಗೆ

ಇಟ್ಟ ಬಜೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಶೂ ಮತ್ತು ಹೊರ ಜಾಕೆಟ್ಟಿಗೆ ಹೋಗಲಿ. ಇವೆರಡರಲ್ಲಿ ಅಗ್ಗದ ಮಾಲಿಗೂ ಒಳ್ಳೆಯ ಮಾಲಿಗೂ ಬಾಳಿಕೆಯ ಅಂತರ ತುಂಬ ದೊಡ್ಡದು, ಕೆಟ್ಟರೆ ಮನೆಯಲ್ಲಿ ಸರಿ ಮಾಡುವುದೂ ಕಷ್ಟ. ಆಮೇಲೆ ಸ್ವೆಟರು, ಆಮೇಲೆ ಪ್ಯಾಂಟು. ಟೀ ಶರ್ಟು, ಮಫ್ಲರ್, ಟೋಪಿಗೆ ಕೈಬಿಚ್ಚಿ ಖರ್ಚು ಮಾಡುವ ಅಗತ್ಯವಿಲ್ಲ. ಮಫ್ಲರ್ ಅಂತೂ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬೆಚ್ಚಗಿಡುವ ವಸ್ತು. ಅದೊಂದಿದ್ದರೆ ತೆಳು ಜಾಕೆಟ್ಟಿನಲ್ಲೇ ಇನ್ನೂ ಕೆಲವು ವಾರ ಕಳೆಯಬಹುದು.

ಬೆಲೆಯನ್ನು ಎಷ್ಟು ಸಲ ತೊಡುತ್ತೀರಿ ಎಂಬುದರಿಂದ ಭಾಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಎರಡರಷ್ಟು ಬೆಲೆಯ ಶೂ ನಾಲ್ಕರಷ್ಟು ದಿನ ಬಂದರೆ ಅದೇ ಅಗ್ಗದ್ದು. ಆದರೆ ಈ ಲೆಕ್ಕ ಮೋಸವನ್ನೂ ಮಾಡುತ್ತದೆ. ವರ್ಷಕ್ಕೆ ನಾಲ್ಕು ಸಲ ತೊಡುವ ಕೋಟಿಗೆ "ಹತ್ತು ವರ್ಷ ಬರುತ್ತದೆ" ಎಂದು ಸಮಾಧಾನ ಹೇಳಿಕೊಂಡರೆ ಅದು ನಲವತ್ತೇ ಸಲ. ಬಾಳಿಕೆ ಎಷ್ಟು ಎನ್ನುವುದಕ್ಕಿಂತ ಬಳಕೆ ಎಷ್ಟು ಎನ್ನುವುದನ್ನು ಮೊದಲು ನೋಡಿ.

ಕೊಳ್ಳುವ ಹೊತ್ತೂ ಮುಖ್ಯ. ಋತು ಶುರುವಾದಾಗ ಬೆಲೆ ಮೇಲಿರುತ್ತದೆ, ಮುಗಿಯುವಾಗ ಇಳಿಯುತ್ತದೆ. ಈ ವರ್ಷ ತೀರಾ ಅಗತ್ಯವಿದ್ದದ್ದನ್ನಷ್ಟೇ ಈಗ ತೆಗೆದುಕೊಂಡು, ಜಾಕೆಟ್ಟಿನಂಥ ದೊಡ್ಡ ಖರ್ಚನ್ನು ಚಳಿಗಾಲದ ಕೊನೆಗೆ ಇಟ್ಟುಕೊಂಡರೆ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಮಾಲು ಸಿಗುತ್ತದೆ.

ಕೊಳ್ಳುವಾಗ ಎಲ್ಲಿ ನೋಡಬೇಕು

ಯಾವುದೇ ಬಟ್ಟೆಯನ್ನು ಮೊದಲು ಒಳಮೈ ಹೊರಗೆ ಮಾಡಿ ನೋಡಿ. ಹೊರಗಿನ ಚೆಂದಕ್ಕೆ ಎಲ್ಲರೂ ಗಮನ ಕೊಡುತ್ತಾರೆ, ಎಲ್ಲಿ ಉಳಿಸಿದ್ದಾರೆ ಎನ್ನುವುದು ಒಳಗೆ ಗೊತ್ತಾಗುತ್ತದೆ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಬೆಳಕು ಕಂಡರೆ ಹೊಲಿಗೆ ಸಡಿಲ. ಶರ್ಟಿನಲ್ಲಿ ಒಂದು ಸೆಂಟಿಮೀಟರಿಗೆ 4ರಿಂದ 5 ಹೊಲಿಗೆ ಇರಬೇಕು. ಮೂರಕ್ಕಿಂತ ಕಡಿಮೆಯಿದ್ದರೆ ಮೊದಲ ಎಳೆತಕ್ಕೇ ಬಿಡುತ್ತದೆ. ಚೆಕ್ಸ್ ಅಥವಾ ಗೆರೆಯ ಬಟ್ಟೆಯಾದರೆ ಜೇಬಿನ ಮೇಲೂ ಪಕ್ಕದ ಹೊಲಿಗೆಯಲ್ಲೂ ಗೆರೆ ಕೂಡುತ್ತದೆಯೇ ನೋಡಿ. ಗೆರೆ ಕೂಡಿಸಿದವರು ಬೇರೆ ಕೆಲಸವನ್ನೂ ಸಾಮಾನ್ಯವಾಗಿ ಅಚ್ಚುಕಟ್ಟಾಗಿ ಮಾಡಿರುತ್ತಾರೆ.

ಟೀ ಶರ್ಟನ್ನು ಭುಜದಲ್ಲಿ ಹಿಡಿದು ನೇತಾಡಿಸಿ. ಪಕ್ಕದ ಹೊಲಿಗೆ ಈಗಲೇ ಮುಂದಕ್ಕೆ ತಿರುಚಿದ್ದರೆ ಒಗೆದ ಮೇಲೆ ಇನ್ನಷ್ಟು ತಿರುಚುತ್ತದೆ. ಇದು ಇಸ್ತ್ರಿಗೂ ಬಗ್ಗುವುದಿಲ್ಲ.

ಸ್ವೆಟರಿನಲ್ಲಿ ಮುಂಗೈಯ ಪಟ್ಟಿಯನ್ನು ಹಿಗ್ಗಿಸಿ ಬಿಡಿ, ತಕ್ಷಣ ಹಿಂದಕ್ಕೆ ಬರಬೇಕು. ಅಂಗೈಯಿಂದ ಎದೆಯ ಭಾಗವನ್ನು ಹತ್ತಿಪ್ಪತ್ತು ಸಲ ಉಜ್ಜಿ. ನೂಲಿನ ಎಳೆ ಎದ್ದು ಉಂಡೆಯಾಗಲು ಶುರುವಾದರೆ ಅದು ಗಿಡ್ಡ ಎಳೆಯ ನೂಲು. ಮುಟ್ಟಿದರೆ ಬೆಣ್ಣೆಯಂತೆ ಮೆತ್ತಗಿರುವ ಸ್ವೆಟರುಗಳಲ್ಲಿ ಈ ದೋಷ ಹೆಚ್ಚು, ಏಕೆಂದರೆ ಸಡಿಲವಾಗಿ ಹೊಸೆದ ಗಿಡ್ಡ ಎಳೆಯೇ ಆ ಮೆದುತನ ಕೊಡುವುದು. ಎರಡೆಳೆ ಹುರಿ ಮಾಡಿದ ನೂಲು, ಒತ್ತಾದ ಹೆಣಿಗೆ, ಕೈಗೆ ತುಸು ಗಡಸು, ಇಂಥದ್ದು ವರ್ಷಗಟ್ಟಲೆ ಬರುತ್ತದೆ. ಮೆರಿನೊ ಕುರಿಯ ಉಣ್ಣೆಯಲ್ಲಿ ತೀರಾ ನವಿರಾದದ್ದು ಒಳಂಗಿಗೆ ಸರಿ, ಹೊರಗೆ ತೊಡುವ ಸ್ವೆಟರಿಗೆ ಅಲ್ಲ. ಉಣ್ಣೆ ಮತ್ತು ಪಾಲಿಯೆಸ್ಟರ್ ಬೆರಕೆಯಲ್ಲಿ ಇನ್ನೊಂದು ತೊಂದರೆಯಿದೆ. ಬರೀ ಉಣ್ಣೆಯ ಉಂಡೆಗಳು ಸ್ವಲ್ಪ ದಿನಕ್ಕೆ ತಾವೇ ಉದುರುತ್ತವೆ. ಬೆರಕೆಯಲ್ಲಿ ಗಟ್ಟಿ ಪಾಲಿಯೆಸ್ಟರ್ ಎಳೆ ಅವನ್ನು ಉದುರಲು ಬಿಡುವುದಿಲ್ಲ.

ಜೀನ್ಸಿನಲ್ಲಿ ತೊಡೆಸಂದು. ನಾಲ್ಕು ಹೊಲಿಗೆ ಕೂಡುವ ಆ ಜಾಗ ಎರಡು ಸಾಲಿನ ಮಡಚು ಹೊಲಿಗೆಯಲ್ಲಿರಬೇಕು. ಜೇಬಿನ ಮೂಲೆಗಳಿಗೆ ರಿವೆಟ್ಟು ಅಥವಾ ಒತ್ತು ಟಾಕಿ ಬಿದ್ದಿರಬೇಕು. 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಪೇಟೆಂಟ್ ಪಡೆದ ಆ ತಾಮ್ರದ ರಿವೆಟ್ಟು ಅಲಂಕಾರಕ್ಕೆ ಬಂದದ್ದಲ್ಲ, ಕೆಲಸಗಾರರ ಪ್ಯಾಂಟು ಜೇಬಿನ ಮೂಲೆಯಲ್ಲಿ ಹರಿಯುತ್ತಿತ್ತು ಎಂಬ ಕಾರಣಕ್ಕೇ ಬಂದದ್ದು. ಹಿಗ್ಗುವ ಎಲಾಸ್ಟೇನ್ 1ರಿಂದ 2 ಶೇಕಡಾ ಇದ್ದರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ಆ ಎಳೆ ಶಾಖಕ್ಕೆ, ಬಳಕೆಗೆ ತುಂಡಾಗಿ ಮಂಡಿ ಉಬ್ಬುತ್ತದೆ, ಸೊಂಟ ಸಡಿಲವಾಗುತ್ತದೆ.

ಜಾಕೆಟ್ಟಿನ ಝಿಪ್ಪನ್ನು ಐದಾರು ಸಲ ಏರಿಸಿ ಇಳಿಸಿ. ಎಲ್ಲೂ ತಡೆಯಬಾರದು, ಅಸ್ತರಿಯನ್ನು ಕಚ್ಚಬಾರದು. ಹಲ್ಲುಗಳ ಮೇಲೆ ಜಾರುವ ಓಡುಗುಂಡಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಇರುತ್ತದೆ, ಮುಚ್ಚಿದಾಗ ಹಲ್ಲುಗಳ ಅಗಲ ಸುಮಾರು ಎಷ್ಟು ಮಿಲಿಮೀಟರ್ ಎಂಬ ಸೂಚನೆ ಅದು. ಜಾಕೆಟ್ಟಿಗೆ 5 ಇರಬೇಕು, ದಪ್ಪ ಕೋಟಿಗೆ 8 ಅಥವಾ 10. ಮುಂಭಾಗಕ್ಕೆ 3ರ ಝಿಪ್ಪು ಹಾಕಿದ್ದರೆ ಅದು ಜೇಬಿಗೆ ಹಾಕುವ ಮಾಲು. ಮಳೆ ಜಾಕೆಟ್ಟಿನಲ್ಲಿ ನೀರು ಬಟ್ಟೆಯಿಂದಷ್ಟೇ ಅಲ್ಲ, ಹೊಲಿಗೆಯ ತೂತಿನಿಂದಲೂ ನುಸುಳುತ್ತದೆ. ಒಳಗಡೆ ಎಲ್ಲ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು. ನೀರು ತಡೆಯುವ ಶಕ್ತಿಯನ್ನು, ಅಂದರೆ ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂಬುದನ್ನು, ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. ತುಂತುರಿಗೆ 1,500 ಸಾಕು, ಬಿಡದೆ ಸುರಿಯುವ ಮಳೆಗೆ 10,000 ಬೇಕು.

ಶೂನಲ್ಲಿ ಅಟ್ಟೆಯನ್ನು ಬರೀ ಅಂಟಿನಿಂದ ಕೂರಿಸಿದ್ದಾರೋ ಹೊಲಿದಿದ್ದಾರೋ ನೋಡಿ. ಅಂಚಿನಲ್ಲಿ ಹೊಲಿಗೆ ಕಂಡರೂ ನಂಬಬೇಡಿ, ತೋರಿಕೆಗೆ ಹಾಕಿದ್ದೂ ಇರುತ್ತದೆ. ಶೂ ತಿರುಗಿಸಿ, ಅಟ್ಟೆಯ ತಳದಲ್ಲಿ ಅದೇ ಹೊಲಿಗೆ ಹಾದಿದೆಯೇ ಎಂದು ಹುಡುಕಿ. ವೆಲ್ಟ್ ಹೊಲಿಗೆಯ, ಅಂದರೆ ಅಂಚಿನ ಸುತ್ತ ಒಂದು ಪಟ್ಟಿ ಕೂಡಿಸಿ ಅದಕ್ಕೆ ಅಟ್ಟೆಯನ್ನು ಹೊಲಿದ ಶೂಗೆ ಅಟ್ಟೆ ಸವೆದರೆ ಹೊಸದು ಹಾಕಿಸಬಹುದು. "ಅಪ್ಪಟ ಚರ್ಮ" ಎಂಬ ಅಚ್ಚಿಗೆ ಮರುಳಾಗಬೇಡಿ, ಕೆಳದರ್ಜೆಯ ಚರ್ಮಕ್ಕೂ ಅದನ್ನೇ ಒತ್ತುತ್ತಾರೆ. ಬೆರಳಿನಿಂದ ಒತ್ತಿದಾಗ ಸಣ್ಣ, ಅಸಮವಾದ ನೆರಿಗೆ ಮೂಡಿ ಮಾಯವಾದರೆ ಒಳ್ಳೆಯದು. ಪ್ಲಾಸ್ಟಿಕ್ಕಿನ ಹಾಗೆ ಇಡಿಯಾಗಿ ಬಗ್ಗಿದರೆ ಮೇಲೆ ದಪ್ಪ ಲೇಪವಿದೆ. ಪಾಲಿಯುರೆಥೇನ್ ಅಟ್ಟೆಯ ಶೂವನ್ನು ಮಾತ್ರ ಮುಂದಕ್ಕಿರಲಿ ಎಂದು ಕೊಂಡಿಡಬೇಡಿ. ಗಾಳಿಯ ತೇವಕ್ಕೆ ಆ ವಸ್ತು ಒಳಗೊಳಗೇ ಕಳಚಿಕೊಳ್ಳುತ್ತದೆ. ಡಬ್ಬಿಯಲ್ಲೇ ಇದ್ದ ಶೂ ಕೆಲವು ವರ್ಷದ ಮೇಲೆ ಮೊದಲ ನಡಿಗೆಗೇ ಪುಡಿಪುಡಿಯಾಗುವುದು ಇದರಿಂದಲೇ.

ಕಾಲುಚೀಲಕ್ಕೆ ಬರೀ ಉಣ್ಣೆ ಬೇಡ, ಹಿಮ್ಮಡಿ ಬೇಗ ತೂತು ಬೀಳುತ್ತದೆ. ಉಣ್ಣೆಯ ಜೊತೆ 15ರಿಂದ 25 ಶೇಕಡಾ ನೈಲಾನ್ ಇರಲಿ.

ಬಳಸಿದ ಬಟ್ಟೆ ಕೊಳ್ಳುವಾಗ

ಕಡಿಮೆ ದುಡ್ಡಿಗೆ ಒಳ್ಳೆಯ ಉಣ್ಣೆ, ಚರ್ಮ, ದಪ್ಪ ಡೆನಿಮ್ ಸಿಗುವುದು ಇಲ್ಲೇ. ಒಂದು ಅನುಕೂಲವೂ ಇದೆ: ಕುಗ್ಗುವುದು, ಬಣ್ಣ ಬಿಡುವುದು ಬಹುಮಟ್ಟಿಗೆ ಮುಗಿದಿರುತ್ತದೆ, ಕಂಡದ್ದೇ ಕೈಗೆ ಬರುತ್ತದೆ. ಸ್ವೆಟರನ್ನು ಬೆಳಕಿಗೆ ಹಿಡಿಯಿರಿ, ನುಸಿ ತಿಂದ ತೂತು ಚುಕ್ಕಿಯಾಗಿ ಕಾಣುತ್ತದೆ. ಪ್ಯಾಂಟಿನ ತೊಡೆಸಂದನ್ನೂ ಹಾಗೇ ನೋಡಿ. ಕಂಕುಳಲ್ಲಿ ಹಳದಿ ಗಟ್ಟಿಯಾಗಿದ್ದರೆ ಬಿಡಿ, ಅದು ಹೋಗುವುದಿಲ್ಲ. ಕೃತಕ ಚರ್ಮದ ಚೀಲ, ಜಾಕೆಟ್ಟು ಒಂದೇ ಒಂದು ಕಡೆ ಸುಲಿದಿದ್ದರೂ ಬೇಡ, ಮಿಕ್ಕದ್ದೂ ಅದೇ ಹಾದಿಯಲ್ಲಿದೆ. ಗುಂಡಿ ಬಿದ್ದದ್ದು, ಅಂಚು ಬಿಚ್ಚಿದ್ದು, ಅಸ್ತರಿ ಹರಿದದ್ದು ದೋಷವೇ ಅಲ್ಲ. ಬೆಲೆ ಇಳಿಸಲು ಅದನ್ನೇ ತೋರಿಸಿ.

ಅಳತೆಯಲ್ಲಿ ಭುಜ ಸರಿಯಿರಲೇಬೇಕು. ಹೊಲಿಗೆ ಭುಜದ ಮೂಳೆಯ ತುದಿಗೆ ಕೂರಬೇಕು. ಭುಜ ಬಿಚ್ಚಿ ಹೊಲಿಸುವುದು ದುಬಾರಿ, ಫಲಿತಾಂಶವೂ ಅಷ್ಟಕ್ಕಷ್ಟೇ. ಪ್ಯಾಂಟಿನ ಉದ್ದ, ಸೊಂಟ, ಶರ್ಟಿನ ಪಕ್ಕ, ತೋಳಿನ ಉದ್ದ ಇವನ್ನೆಲ್ಲ ಟೈಲರ್ ಸುಲಭವಾಗಿ ಸರಿಮಾಡುತ್ತಾರೆ. ಬಿಡಿಸಿ ದೊಡ್ಡದು ಮಾಡಿಸಬೇಕೆಂದಿದ್ದರೆ ಒಳಗೆ ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾರೆಂದು ಮೊದಲು ನೋಡಿ. ಸೊಂಟದ ಹಿಂದಿನ ಹೊಲಿಗೆಯಲ್ಲಿ ಎರಡೂ ಕಡೆ 2 ಸೆಂ.ಮೀ. ಇದ್ದರೆ ಕೆಲಸ ಆಗುತ್ತದೆ.

ಒಗೆಯುವುದು

ಬಟ್ಟೆ ಹಾಳಾಗುವುದು ಮೈಮೇಲೆ ಮಾತ್ರವಲ್ಲ, ಒಗೆಯುವ ಮಷಿನ್ನಿನಲ್ಲಿ ಮತ್ತು ಬಿಸಿಗಾಳಿಯ ಡ್ರೈಯರಿನಲ್ಲೂ. ಡ್ರೈಯರಿನ ಜರಡಿಯಲ್ಲಿ ಸೇರುವ ಧೂಳುಹತ್ತಿ ನಿಮ್ಮ ಬಟ್ಟೆಯಿಂದಲೇ ಬಂದದ್ದು. ಸ್ವೆಟರು, ಜೀನ್ಸು, ಜಾಕೆಟ್ಟನ್ನು ತೊಟ್ಟಾಗಲೆಲ್ಲ ಒಗೆಯಬೇಡಿ. ರಾತ್ರಿ ಗಾಳಿಗೆ ಹಾಕಿ, ಕಲೆಯಾದ ಜಾಗವನ್ನಷ್ಟೇ ಒರೆಸಿ. ಒಗೆಯುವಾಗ 30 ಡಿಗ್ರಿಯ ನೀರು, ಒಳಮೈ ಹೊರಗೆ, ಝಿಪ್ಪು ಮತ್ತು ಹುಕ್ಕು ಹಾಕಿರಲಿ. ತೆರೆದ ಝಿಪ್ಪಿನ ಹಲ್ಲು ಪಕ್ಕದ ಬಟ್ಟೆಯನ್ನು ಗರಗಸದಂತೆ ಕೆರೆಯುತ್ತದೆ.

ಉಣ್ಣೆಗೆ ಸಾಮಾನ್ಯ ಸೋಪಿನ ಪುಡಿ ಬೇಡ. ಅದರಲ್ಲಿ ಕಲೆ ತೆಗೆಯಲೆಂದು ಹಾಕಿರುವ ಪ್ರೋಟಿಯೇಸ್ ಕಿಣ್ವಕ್ಕೆ ರಕ್ತದ ಕಲೆಯೂ ಒಂದೇ, ಉಣ್ಣೆಯೂ ಒಂದೇ. ಎರಡೂ ಪ್ರೋಟೀನು. ಉಣ್ಣೆಗೆಂದೇ ಇರುವ ದ್ರವ ಸೋಪನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, 10 ನಿಮಿಷ ನೆನೆಸಿ, ಒತ್ತಿ ಒತ್ತಿ ಕೊಳೆ ಬಿಡಿಸಿ. ಉಜ್ಜಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿವೆ. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಮತ್ತೆ ಬಿಡಿಸಲಾಗದು. ಜಾಲಾಡಿಸುವ ನೀರೂ ಅದೇ ಬಿಸಿಯಲ್ಲಿರಲಿ. ಆಮೇಲೆ ಒಣ ಟವೆಲ್ಲಿನ ಮೇಲೆ ಹಾಸಿ, ಚಾಪೆ ಸುತ್ತುವ ಹಾಗೆ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಅಳತೆಗೆ ಸರಿಮಾಡಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಮಂಡಿಗಿಳಿಯುತ್ತದೆ.

ಮಳೆ ಜಾಕೆಟ್ಟನ್ನು ಒಗೆಯಬಾರದೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಕೊಳೆ ಮತ್ತು ಮೈಯೆಣ್ಣೆ ಕೂತರೆ ಮೇಲಿನ ನೀರುಜಾರು ಲೇಪ ಕೆಲಸ ಮಾಡುವುದಿಲ್ಲ, ನೀರು ಮಣಿಯಾಗಿ ಉರುಳುವ ಬದಲು ಬಟ್ಟೆಗೆ ಇಳಿಯುತ್ತದೆ. ಸೌಮ್ಯ ಸೋಪಿನಲ್ಲಿ ಒಗೆದು, ಎರಡು ಸಲ ಜಾಲಾಡಿಸಿ, ಚೀಟಿಯಲ್ಲಿ ಒಪ್ಪಿಗೆಯಿದ್ದರೆ ಕಡಿಮೆ ಶಾಖದ ಡ್ರೈಯರಿನಲ್ಲಿ 20 ನಿಮಿಷ ಹಾಕಿದರೆ ಲೇಪ ಚುರುಕಾಗುತ್ತದೆ. ಬಟ್ಟೆ ಮೆದುಗೊಳಿಸುವ ಕಂಡಿಷನರ್ ಮಾತ್ರ ಇದಕ್ಕೆ ಹಾಕಲೇಬಾರದು. ಮೇಣ ಹಚ್ಚಿದ ಹತ್ತಿಯ ಜಾಕೆಟ್ಟಾದರೆ ಮಷಿನ್ನೂ ಬೇಡ, ಸೋಪೂ ಬೇಡ. ತಣ್ಣೀರಿನ ಸ್ಪಂಜಿನಿಂದ ಒರೆಸಿ, ಬಣ್ಣ ಮಂಕಾದ ಕಡೆ ಮತ್ತೆ ಮೇಣ ಹಚ್ಚಿ.

ನೆನೆದ ಶೂವನ್ನು ಹೀಟರಿನ ಹತ್ತಿರ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಕಾಗದ ತುರುಕಿ, ಒದ್ದೆಯಾದಂತೆ ಬದಲಿಸಿ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಕ್ರೀಮು ಹಚ್ಚಿ.

ಹರಿಯುವ ಮೊದಲೇ

ತೂತು ಬಿದ್ದ ಮೇಲೆ ಮುಚ್ಚುವುದಕ್ಕಿಂತ ತೆಳುವಾದಾಗ ಬಲಪಡಿಸುವುದು ಸುಲಭ, ಕಣ್ಣಿಗೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಆ ದುರ್ಬಲ ಜಾಗಗಳನ್ನು ಬೆಳಕಿಗೆ ಹಿಡಿದು ನೋಡಿ.

ಸ್ವೆಟರಿನ ಮೊಣಕೈಗೆ ರಫೂ ಹೀಗೆ ಮಾಡಿ. ತೋಳಿನೊಳಗೆ ಒಂದು ಚಿಕ್ಕ ಬಟ್ಟಲನ್ನು ಬೋರಲಾಗಿಟ್ಟು, ತೆಳುವಾದ ಜಾಗ ಅದರ ಮೇಲೆ ಬರುವಂತೆ ಹಾಸಿ, ಎಳೆಯಬೇಡಿ. ಸ್ವೆಟರಿನದೇ ದಪ್ಪದ ಉಣ್ಣೆ ನೂಲು, ಮೊಂಡು ತುದಿಯ ಸೂಜಿ ತೆಗೆದುಕೊಳ್ಳಿ. ತೆಳುವಾದ ಜಾಗದಿಂದ 1 ಸೆಂ.ಮೀ. ಆಚೆ, ಗಟ್ಟಿ ಹೆಣಿಗೆಯಲ್ಲಿ ಶುರುಮಾಡಿ ಉದ್ದಕ್ಕೆ ಸಾಲು ಹಾಕುತ್ತಾ ಬನ್ನಿ. ಪ್ರತಿ ಸಾಲು ತಿರುಗುವಲ್ಲಿ ನೂಲನ್ನು ಬಿಗಿಯದೆ ಸಣ್ಣ ಕುಣಿಕೆ ಬಿಡಿ, ಒಗೆದಾಗ ಹೊಸ ನೂಲು ಕುಗ್ಗಿದರೆ ಆ ಕುಣಿಕೆ ಸುಕ್ಕು ಬೀಳದಂತೆ ಕಾಯುತ್ತದೆ. ಉದ್ದದ ಸಾಲು ಮುಗಿದ ಮೇಲೆ ಅಡ್ಡಕ್ಕೆ ಒಂದರ ಮೇಲೆ, ಒಂದರ ಕೆಳಗೆ ನೇಯುತ್ತಾ ಹೋಗಿ. ಗಂಟು ಹಾಕಬೇಡಿ, ತುದಿಯನ್ನು ಹೆಣಿಗೆಯೊಳಗೆ 3 ಸೆಂ.ಮೀ. ತೂರಿಸಿ ಕತ್ತರಿಸಿ.

ಜೀನ್ಸಿನ ತೊಡೆಸಂದಿಗೆ ಒಳಗಿನಿಂದ ತೇಪೆ. ಹೊಸ ಬಟ್ಟೆ ಬೇಡ, ಒಗೆದು ಕುಗ್ಗಿದ ಹಳೆಯ ಡೆನಿಮ್ ಇರಲಿ. ಸವೆದ ಜಾಗಕ್ಕಿಂತ ಸುತ್ತಲೂ 2 ಸೆಂ.ಮೀ. ದೊಡ್ಡದಾಗಿ, ಮೂಲೆ ದುಂಡಗೆ ಕತ್ತರಿಸಿ. ಚೂಪು ಮೂಲೆ ಬಿಟ್ಟರೆ ಮುಂದಿನ ಹರಕು ಅಲ್ಲಿಂದಲೇ ಹೊರಡುತ್ತದೆ. ಅಂಚನ್ನು ಕಟ್ಟಿ, ಅರ್ಧ ಸೆಂಟಿಮೀಟರ್ ಅಂತರದಲ್ಲಿ ಜೀನ್ಸಿನ ಬಣ್ಣದ ದಾರದಿಂದ ಸಾಲಾಗಿ ಹೊಲಿಯಿರಿ.

ಶರ್ಟಿನ ಕಾಲರ್ ಮಡಿಕೆಯಲ್ಲಿ ಸವೆದರೆ ಟೈಲರ್ ಹತ್ತಿರ ಅದನ್ನು ತಿರುಗಿಸಿ ಹೊಲಿಸಿ. ಕಾಲರನ್ನು ಪಟ್ಟಿಯಿಂದ ಬಿಚ್ಚಿ, ಒಳಬದಿ ಹೊರಕ್ಕೆ ಮಾಡಿ ಮತ್ತೆ ಕೂರಿಸಿದರೆ ಶರ್ಟಿಗೆ ಇನ್ನಷ್ಟು ವರ್ಷ.

ಝಿಪ್ಪು ಹಾಕಿದರೂ ಹಿಂದಿನಿಂದ ಬಿಚ್ಚಿಕೊಳ್ಳುತ್ತಿದ್ದರೆ ಕೆಟ್ಟದ್ದು ಸಾಮಾನ್ಯವಾಗಿ ಹಲ್ಲಲ್ಲ, ಓಡುಗುಂಡಿ. ಬಳಸಿ ಬಳಸಿ ಅದರ ಬಾಯಿ ಅಗಲವಾಗಿರುತ್ತದೆ. ಝಿಪ್ಪನ್ನು ಪೂರ್ತಿ ಕೆಳಗಿಳಿಸಿ, ಓಡುಗುಂಡಿಯ ಎರಡು ಪಕ್ಕವನ್ನು ಇಕ್ಕಳದಿಂದ ಒಂದಾದ ಮೇಲೊಂದು ತುಸುವೇ ಅದುಮಿ, ಏರಿಸಿ ನೋಡಿ, ಸಾಲದಿದ್ದರೆ ಇನ್ನಷ್ಟು. ಒಂದೇ ಸಲಕ್ಕೆ ಜೋರಾಗಿ ಒತ್ತಿದರೆ ಮುರಿಯುತ್ತದೆ. ಆಗಲೂ ಓಡುಗುಂಡಿ ಮಾತ್ರ ಬದಲಿಸಿದರೆ ಸಾಕು. ಗಟ್ಟಿಯಾಗಿ ಓಡುವ ಝಿಪ್ಪಿನ ಹಲ್ಲಿಗೆ ಮೇಣದ ತುಂಡನ್ನೋ ಸೀಸದ ಕಡ್ಡಿಯನ್ನೋ ಉಜ್ಜಿ.

ಎತ್ತಿಡುವುದು

ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಬೆವರು, ಅಡುಗೆಯ ಕಲೆ ಇರುವ ಕಡೆ ಅದಕ್ಕೆ ಹೆಚ್ಚು ರುಚಿ. ಹಾಗಾಗಿ ಋತು ಮುಗಿದಾಗ ಒಮ್ಮೆ ಮಾತ್ರ ತೊಟ್ಟ ಸ್ವೆಟರನ್ನೂ ಒಗೆದು, ಪೂರ್ತಿ ಒಣಗಿಸಿ, ಬಾಯಿ ಬಿಗಿಯುವ ಚೀಲದಲ್ಲಿಡಿ. ದೇವದಾರು ಮರದ ತುಂಡು, ಲ್ಯಾವೆಂಡರ್ ಇಟ್ಟರೆ ವಾಸನೆ ಚೆನ್ನಾಗಿರುತ್ತದೆ, ಆದರೆ ಮೊಟ್ಟೆ ಸಾಯುವುದಿಲ್ಲ. ತೂತು ಕಂಡ ಅಥವಾ ಬಳಸಿದ್ದೆಂದು ಕೊಂಡ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಶಾಖಕ್ಕೆ ಬರಲು ಬಿಡಿ, ಇಲ್ಲದಿದ್ದರೆ ಗಾಳಿಯ ತೇವ ಬಟ್ಟೆಯ ಮೇಲೆ ಕೂರುತ್ತದೆ.

ಹೆಣೆದದ್ದೆಲ್ಲ ಮಡಚಿ, ಜಾಕೆಟ್ಟು ಅಗಲ ಭುಜದ ಹ್ಯಾಂಗರಿಗೆ, ಶೂನೊಳಗೆ ಕಾಗದ ಅಥವಾ ಮರದ ಅಚ್ಚು. ಗಾಳಿ ಎಳೆದು ಚಪ್ಪಟೆ ಮಾಡುವ ಚೀಲದಲ್ಲಿ ಹಕ್ಕಿಯ ತುಪ್ಪುಳದ ಜಾಕೆಟ್ಟನ್ನು ತಿಂಗಳುಗಟ್ಟಲೆ ಇಡಬೇಡಿ, ತುಪ್ಪುಳ ಮುರಿದರೆ ಮತ್ತೆ ಉಬ್ಬುವುದಿಲ್ಲ. ಕೊನೆಯದಾಗಿ, ಎತ್ತಿಡುವ ದಿನವೇ ಮುಂದಿನ ಪಟ್ಟಿ ಬರೆದು ಅದೇ ಚೀಲದಲ್ಲಿ ಹಾಕಿಡಿ: ಯಾವುದರ ಮೊಣಕೈ ತೆಳುವಾಗಿದೆ, ಯಾವ ಅಟ್ಟೆ ಬದಲಿಸಬೇಕು, ಈ ಸಲ ಒಮ್ಮೆಯೂ ತೊಡದೆ ಉಳಿದದ್ದು ಯಾವುದು.